ಹೊನಿಯಾರಾದ ಅಂಗಡಿಗಳು ಸುಟ್ಟಿದ್ದು ಯಾರ ಜಗಳಕ್ಕೆ?

ಪರ: ಕಿಡಿ ಹೊರಗಿನದು

ದೆಹಲಿಯಲ್ಲಿ ತೊಗರಿ ಆಮದಿನ ಸುಂಕ ತೆಗೆದರೆ ಕಲಬುರಗಿಯ ಗಂಜಿನಲ್ಲಿ ಧಾರಣೆ ಇಳಿಯುತ್ತದೆ. ಚೀಲ ಇಳಿಸಿದ ರೈತ ಬೈಯುವುದು ಮಾತ್ರ ಎದುರಿಗೆ ಕುಳಿತ ದಲಾಲನನ್ನು. ತೊಗರಿ ಕಳುಹಿಸುವ ಮೊಜಾಂಬಿಕ್ ಅವನ ಕೈಗೆ ಸಿಗುವುದಿಲ್ಲವಲ್ಲ! ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳ ರಾಜಧಾನಿ ಹೊನಿಯಾರಾದಲ್ಲಿ ಚೀನೀಯರ ಅಂಗಡಿಗಳು ಸುಟ್ಟಾಗ ಆದದ್ದೂ ಇದೇ.

2019ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಮನಾಸೆ ಸೊಗವಾರೆ ಸರ್ಕಾರ 36 ವರ್ಷಗಳ ತೈವಾನ್ ನಂಟು ಕಡಿದುಕೊಂಡು ಚೀನಾದ ಕಡೆ ವಾಲಿತು. ದೇಶದಲ್ಲೇ ಹೆಚ್ಚು ಜನರಿರುವ ಮಲೈತಾ ಪ್ರಾಂತ್ಯ ಒಪ್ಪಲಿಲ್ಲ. ಅಲ್ಲಿನ ಪ್ರೀಮಿಯರ್, ಅಂದರೆ ಪ್ರಾಂತ್ಯ ಸರ್ಕಾರದ ಮುಖ್ಯಸ್ಥ, ಡೇನಿಯಲ್ ಸುಯಿದಾನಿ ಚೀನಾದ ಹಣವೇ ಬೇಡವೆಂದರು. ಕೋವಿಡ್ ಹೊತ್ತಿನಲ್ಲಿ ತೈವಾನ್ ಆ ಪ್ರಾಂತ್ಯಕ್ಕೆ ನೆರವು ಕಳುಹಿಸಿತು, ಅಮೆರಿಕವೂ ಮಲೈತಾಕ್ಕೇ ನೇರವಾಗಿ ನೆರವು ಘೋಷಿಸಿತು. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿಸಿದವರು ಯಾರು?

2021ರ ನವೆಂಬರ್ 24ರಂದು ಪ್ರಧಾನಿಯ ರಾಜೀನಾಮೆ ಕೇಳಲು ಸಂಸತ್ತಿನ ಬಳಿ ಸೇರಿದವರಲ್ಲಿ ಮಲೈತಾದವರೇ ಹೆಚ್ಚು. ಗುಂಪು ಅಲ್ಲಿಂದ ಚೀನೀ ವರ್ತಕರ ಅಂಗಡಿಬೀದಿಯಾದ ಚೈನಾಟೌನಿಗೆ ತಿರುಗಿ ಬೆಂಕಿ ಇಟ್ಟಿತು. ಸುಟ್ಟ ಕಟ್ಟಡವೊಂದರಲ್ಲಿ ಮೂರು ಶವಗಳು ಸಿಕ್ಕವು. ಮುಂದಿನ ಏಪ್ರಿಲ್‌ನಲ್ಲಿ ಚೀನಾದೊಂದಿಗೆ ಭದ್ರತಾ ಒಪ್ಪಂದವೂ ಆಯಿತು. 2006ರಲ್ಲಿ ಇದೇ ಬೀದಿ ಸುಟ್ಟಾಗಲೂ, ಸ್ನೈಡರ್ ರಿನಿಯನ್ನು ಪ್ರಧಾನಿ ಮಾಡಲು ತೈವಾನಿನ ಹಣ, ಚೀನೀ ವರ್ತಕರ ಹಣ ಹರಿದಿದೆ ಎಂಬ ಮಾತು ಊರೆಲ್ಲ ಇತ್ತು. ರಿನಿ ಎಂಟೇ ದಿನಕ್ಕೆ ಇಳಿದರು.

ವಿರೋಧ: ಹೊರಗಿನವನೆಂಬ ಗುರುತೇ ಸಾಕು

ತೊಗರಿಯ ಹೋಲಿಕೆ ಚೆನ್ನಾಗಿದೆ. ಆದರೆ ದಲಾಲನನ್ನು ಬೈದ ರೈತ ಅವನ ಅಂಗಡಿಗೆ ಬೆಂಕಿ ಇಡುವುದಿಲ್ಲ.

ಚೀನಾ, ತೈವಾನ್ ನಡುವೆ ಪೈಪೋಟಿ ಇಲ್ಲವೆನ್ನುತ್ತಿಲ್ಲ. ಆದರೆ 2006ರಲ್ಲಿ ಆ ಸರ್ಕಾರ ತೈವಾನ್ ಕಡೆಗಿತ್ತು, 2021ರಲ್ಲಿ ಚೀನಾ ಕಡೆಗೆ. ಎರಡೂ ಸಲ ಉರಿದ ಬೀದಿ ಮಾತ್ರ ಒಂದೇ. 2006ರ ನವೆಂಬರಿನಲ್ಲಿ ಅದೇ ಸಾಗರದ ಇನ್ನೊಂದು ದ್ವೀಪದೇಶ, ರಾಜನ ಆಳ್ವಿಕೆಯ ಟೊಂಗಾದ ರಾಜಧಾನಿಯಲ್ಲಿ ಜನ ಕೇಳಿದ್ದು ಪ್ರಜಾಪ್ರಭುತ್ವ. ತಗಾದೆ ಇದ್ದದ್ದು ಅರಮನೆಯೊಂದಿಗೆ. ಅಲ್ಲಿಯೂ ಚೀನೀಯರ ಅಂಗಡಿಗಳು ಸುಟ್ಟವು, ಎಂಟು ಜನ ಸತ್ತರು. ಇನ್ನು 1998ರಿಂದ ಹೊನಿಯಾರಾ ಇರುವ ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಮನೆಬಿಟ್ಟು ಓಡಬೇಕಾದವರು ಯಾರು? ಇದೇ ಮಲೈತಾದವರು! ಪಕ್ಕದ ದ್ವೀಪದಿಂದ ಬಂದು ನೆಲ, ನೌಕರಿ ಹಿಡಿದರೆಂಬ ಸಿಟ್ಟಿಗೆ ಅವರು ತುತ್ತಾದರು. ಅಲ್ಲಿ ಬೀಜಿಂಗ್ ಎಲ್ಲಿತ್ತು, ತೈಪೆ ಎಲ್ಲಿತ್ತು?

ಚೈನಾಟೌನಿನ ಹಳೆಯ ಕುಟುಂಬಗಳು ಬ್ರಿಟಿಷರ ಕಾಲದಿಂದ ಅಲ್ಲಿ ಅಕ್ಕಿ, ಬಟ್ಟೆ ಮಾರಿಕೊಂಡಿವೆ. ಕೆಲಸವಿಲ್ಲದ ಹುಡುಗನಿಗೆ ದಿನವೂ ಕಣ್ಣಿಗೆ ಬೀಳುವುದು ಆ ಗಲ್ಲಾಪೆಟ್ಟಿಗೆ, ರಾಯಭಾರ ಕಚೇರಿಯಲ್ಲ.

ನಾನು ಯಾದಗಿರಿ ಕಡೆಯವನು. ಗುಳೆ ಹೊರಟವರ ಜೋಳದ ಹಿಟ್ಟಿನ ಚೀಲ, ಸುತ್ತಿದ ಕೌದಿ, ಖಡಕ್ ರೊಟ್ಟಿಯ ಗಂಟು ಬೆಂಗಳೂರಿನ ಬಸ್ಸಿಗೆ ಏರುವುದನ್ನು ನೋಡುತ್ತ ಬೆಳೆದವನು. ನನ್ನ ಸೋದರಮಾವ ಅಲ್ಲಿ ತಗಡಿನ ಶೆಡ್ಡಿನಲ್ಲಿದ್ದಾಗ ಪಕ್ಕದ ಕಟ್ಟಡದಲ್ಲಿ ತಾಮ್ರದ ತಂತಿ ಕಳುವಾಯಿತು. ಯಾರೂ ಏನೂ ಕೇಳಲಿಲ್ಲ. ಮೊದಲು ಬಿಚ್ಚಿಸಿದ್ದು ಮಾವನ ಚೀಲವನ್ನು. ತಂತಿಯ ಸುರುಳಿ ಒಳಗಿರಬಹುದೆಂದು ಹಿಟ್ಟನ್ನೆಲ್ಲ ನೆಲಕ್ಕೆ ಸುರಿಸಿ ಕಾಲಿನಿಂದ ಕೆದಕಿದರು. ಅವರು ಹೋದ ಮೇಲೆ ಅತ್ತೆ ಅದನ್ನೇ ಬಾಚಿ, ಸಾಣಿಗೆ ಹಿಡಿದು, ರಾತ್ರಿಗೆ ರೊಟ್ಟಿ ಬಡಿದರು.