ಮಾತ್ರೆ ತಪ್ಪಿದರೂ ಸಹಿ ತಪ್ಪಬಾರದು

ಆರೈಕೆ ಕೇಂದ್ರಗಳಲ್ಲಿ ವೃದ್ಧರಿಗೂ ಅಶಕ್ತರಿಗೂ ಔಷಧ ಕೊಡುವ ಸಿಬ್ಬಂದಿಗೆ ತರಬೇತಿಯೇ ಇಲ್ಲವೆಂದು ದೂರುತ್ತಿದ್ದವರು ಇನ್ನು ಬಾಯಿ ಮುಚ್ಚಬೇಕು. ತರಬೇತಿ ಇದೆ, ಅದು ಕಂಪ್ಯೂಟರಿನಲ್ಲಿದೆ, ಮತ್ತು ಊಟದ ಬಿಡುವಿನಲ್ಲಿ ಮುಗಿಯುವಷ್ಟು ವಿನಯದಿಂದ ಇದೆ. ಕೊನೆಯಲ್ಲಿ ಪರೀಕ್ಷೆಯೂ ಉಂಟು. ಉತ್ತರ ತಪ್ಪಿದರೆ ಸರಿಯುತ್ತರವನ್ನು ತೋರಿಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳುವ ಕರುಣಾಮಯಿ ಪರೀಕ್ಷೆ. ಇದರಲ್ಲಿ ನಪಾಸಾಗಲು ಅಸಾಧಾರಣ ಪ್ರತಿಭೆ ಬೇಕು. ಮನುಷ್ಯನ ಮೂತ್ರಪಿಂಡಗಳು ಇಷ್ಟು ಉದಾರವಾಗಿ ಎರಡನೆಯ ಅವಕಾಶ ಕೊಡುವುದಿಲ್ಲ ಎನ್ನುವುದು ಪಠ್ಯಕ್ರಮದ ಹೊರಗಿನ ವಿಷಯ.

ಸರಿಯಾದ ವ್ಯಕ್ತಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ (ಬಾಯಿಯೋ, ಚುಚ್ಚುಮದ್ದೋ), ಸರಿಯಾದ ಸಮಯ ಎಂಬ ಐದು ‘ಸರಿ’ಗಳನ್ನು ಪ್ರತಿಯೊಬ್ಬರೂ ಗಿಳಿಪಾಠ ಒಪ್ಪಿಸುತ್ತಾರೆ. ಆದರೆ ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗಬೇಕಾದದ್ದು, ಅದನ್ನು ದಿನವೂ ಕೊಟ್ಟರೆ ಅಸ್ಥಿಮಜ್ಜೆ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು ಎಂಬುದನ್ನು ಹೇಳಲು ಸ್ಲೈಡುಗಳಲ್ಲಿ ಜಾಗವಿಲ್ಲ. ಸಂಸ್ಥೆಯ ಧ್ಯೇಯವಾಕ್ಯ ಅಷ್ಟು ಉದ್ದವಾಗಿದೆ. ನುಂಗಲಾರದವರಿಗೆ ಮಾತ್ರೆಯನ್ನು ಪುಡಿಮಾಡಿ ಕೊಡುವುದು ಅಂತಃಕರಣದ ಕೆಲಸವೇ, ಸಂಶಯವಿಲ್ಲ. ಹನ್ನೆರಡು ಗಂಟೆಗಳುದ್ದಕ್ಕೂ ನಿಧಾನವಾಗಿ ಕರಗಲೆಂದು ತಯಾರಿಸಿದ ಮಾತ್ರೆ ಆ ಅಂತಃಕರಣದ ದೆಸೆಯಿಂದ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ, ಅಷ್ಟೇ.

ಸಮಯದ ಮಾತಿಗೆ ಬಂದರೆ, ಪಾರ್ಕಿನ್ಸನ್ ರೋಗಿಗೆ ಲೆವೊಡೋಪ ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಕೈಕಾಲು ಮರಗಟ್ಟಿ ಹಾಸಿಗೆಯಿಂದ ಏಳುವುದೂ ಕಷ್ಟ. ಔಷಧದ ಗಾಡಿಯಾದರೋ ಒಂದೇ, ಅದನ್ನು ತಳ್ಳುವವರೂ ಒಬ್ಬರೇ. ಅವರ ಗಮನ ಕೆಡಬಾರದೆಂದು ‘ತೊಂದರೆ ಕೊಡಬೇಡಿ’ ಎಂದು ಬರೆದ ಕೆಂಪು ಏಪ್ರನ್ ತೊಡಿಸಲಾಗುತ್ತದೆ. ಕಚೇರಿಯ ಫೋನ್ ಇಟ್ಟುಕೊಳ್ಳಲು ಅದೇ ಏಪ್ರನ್ನಿಗೆ ಜೇಬನ್ನೂ ಹೊಲಿಸಲಾಗಿದೆ.

ಇಷ್ಟೆಲ್ಲ ಇದ್ದರೂ ದಾಖಲೆ ಮಾತ್ರ ನಿರ್ಮಲ. ಔಷಧ ಕೊಟ್ಟದ್ದಕ್ಕೆ ಸಹಿ ಹಾಕುವ ಚಾರ್ಟಿನಲ್ಲಿ ಖಾಲಿ ಚೌಕ ಕಂಡರೆ ನೋಟಿಸ್ ಬರುತ್ತದೆ, ಆದ್ದರಿಂದ ಚೌಕಗಳು ಖಾಲಿ ಇರುವುದಿಲ್ಲ. ರೋಗಿ ಮಾತ್ರೆಯನ್ನು ಉಗುಳಿದನೋ, ದಿಂಬಿನಡಿ ಬಚ್ಚಿಟ್ಟನೋ, ಸಹಿಯಂತೂ ತನ್ನ ಹೊತ್ತಿಗೆ, ಕೆಲವೊಮ್ಮೆ ಹೊತ್ತಿಗಿಂತ ಮೊದಲೇ, ಬಿದ್ದಿರುತ್ತದೆ.

ಈ ವ್ಯವಸ್ಥೆಯ ನಿಜವಾದ ಜಾಣ್ಮೆ ಇರುವುದು ತಪ್ಪುಗಳನ್ನು ನಿಭಾಯಿಸುವ ಕ್ರಮದಲ್ಲಿ. ‘ಡೋಸ್ ತಪ್ಪಿತು’ ಎಂದು ಪ್ರಾಮಾಣಿಕವಾಗಿ ಬಂದು ಹೇಳಿದವರಿಗೆ ಮೆಮೊ ಕೊಟ್ಟು, ಅವರನ್ನು ಅದೇ ತರಬೇತಿಗೆ, ಅದೇ ಸ್ಲೈಡುಗಳ ಮುಂದೆ ಮತ್ತೆ ಕೂರಿಸಲಾಗುತ್ತದೆ; ಹೇಳದೆ ಉಳಿದವರು ವರ್ಷಾಂತ್ಯದಲ್ಲಿ ‘ಶೂನ್ಯ ದೋಷ’ದ ಪ್ರಶಂಸಾಪತ್ರ ಪಡೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು ಔಷಧ ದೋಷಗಳಿಂದ ಜಗತ್ತಿಗೆ ವರ್ಷಕ್ಕೆ ಸುಮಾರು 4,200 ಕೋಟಿ ಡಾಲರ್ ವೆಚ್ಚವಾಗುತ್ತಿದೆಯೆಂದು ಅಂದಾಜಿಸಿ, ತಪ್ಪಿಸಬಹುದಾದ ಗಂಭೀರ ಹಾನಿಯನ್ನು 5 ವರ್ಷಗಳಲ್ಲಿ ಅರ್ಧಕ್ಕೆ ಇಳಿಸಬೇಕೆಂದು 2017ರಲ್ಲಿ ಕರೆ ಕೊಟ್ಟಿತು. ಪಾಪ, ಅಷ್ಟು ದೊಡ್ಡ ಸಂಸ್ಥೆಗೆ ಐದು ವರ್ಷ ಬೇಕೆನಿಸಿತು. ನಮ್ಮ ವ್ಯವಸ್ಥಾಪಕರು ದೋಷ ದಾಖಲಿಸುವ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಒಂದೇ ಮಧ್ಯಾಹ್ನದಲ್ಲಿ ನೂರಕ್ಕೆ ನೂರು ಸಾಧಿಸಿದರು.

ನುರಿತ ದಾದಿಯೊಬ್ಬರೋ ಔಷಧತಜ್ಞರೋ ಕೆಲಸಗಾರರ ಪಕ್ಕದಲ್ಲಿ ನಿಂತು, ಲೇಬಲ್ ಓದುವುದರಿಂದ ಹಿಡಿದು ರೋಗಿ ನುಂಗುವವರೆಗೆ ಎಲ್ಲವನ್ನೂ ಕಣ್ಣಾರೆ ನೋಡಿ, ವರ್ಷಕ್ಕೊಮ್ಮೆಯಾದರೂ ಮತ್ತೆ ಪರೀಕ್ಷಿಸಲಿ ಎಂದು ಯಾರೋ ಸಲಹೆ ಕೊಟ್ಟರಂತೆ. ಹಾಗೆ ಮಾಡಿದರೆ ತಪ್ಪುಗಳು ಕಣ್ಣಿಗೆ ಬೀಳುವ ಅಪಾಯವಿದೆಯೆಂದು ಆ ಸಲಹೆಯನ್ನು ಗೌರವಪೂರ್ವಕವಾಗಿ ಕೈಬಿಡಲಾಯಿತು.

ಮೊನ್ನೆಯ ತಪಾಸಣೆಯಲ್ಲಿ ಮಾತ್ರ ಸಣ್ಣದೊಂದು ಇರಿಸುಮುರಿಸಾಯಿತು. ನೋವಿಗೆಂದು ಹಚ್ಚಿದ ಫೆಂಟನಿಲ್ ಪ್ಯಾಚ್ (ಅಫೀಮಿನ ಬಳಗದ ಪ್ರಬಲ ಔಷಧವನ್ನು ಚರ್ಮದ ಮೂಲಕ ಇಳಿಸುವ ಪಟ್ಟಿ) ಒಬ್ಬ ವೃದ್ಧೆಯ ಬೆನ್ನ ಮೇಲೆ ಎರಡೆರಡು ಸಿಕ್ಕಿದವು. ಹೊಸದನ್ನು ಅಂಟಿಸುವ ಮೊದಲು ಹಳೆಯದನ್ನು ತೆಗೆಯಬೇಕು, ಇಲ್ಲದಿದ್ದರೆ ಉಸಿರಾಟವೇ ಕುಗ್ಗೀತು. ಆದರೆ ಚಾರ್ಟಿನಲ್ಲಿ ಅಂಟಿಸಿದ್ದಕ್ಕೆ ಕಾಲಂ ಇತ್ತು, ತೆಗೆದದ್ದಕ್ಕೆ ಇರಲಿಲ್ಲ. ವ್ಯವಸ್ಥಾಪಕರು ತಡಮಾಡದೆ ಆ ಕಾಲಮ್ಮನ್ನೂ ಸೇರಿಸಿದರು. ಮುಂದಿನ ವಾರದ ಸಹಿಗಳು ಈಗಾಗಲೇ ಅದರಲ್ಲಿ ಬಿದ್ದಿವೆ.