ನಾಟಕ ಅನ್ನುವ ಮೊದಲು ಯಾವ ಊರು ಅಂತ ಕೇಳಿ

ಹೊಸನಗರ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮೊನ್ನೆ ಫೇಸ್‌ಬುಕ್ಕಿನಲ್ಲಿ ತಮ್ಮ ತೋಟದ ಫೋಟೋ ಹಾಕಿ ನಾಲ್ಕು ಸಾಲು ಬರೆದಿದ್ದರು. ಎಲೆಚುಕ್ಕೆ ರೋಗ ಬಂದು ಸೋಗೆಯೆಲ್ಲ ಸುಟ್ಟ ಹಾಗಾಗಿದೆ, ಅದರ ಮೇಲೆ ಕೊಳೆ ರೋಗ ಬೇರೆ, ಇನ್ನು ತೋಟಕ್ಕೆ ಕಾಲಿಡೋಕೆ ಮನಸ್ಸಾಗಲ್ಲ ಅಂತ. ಕಾಗುಣಿತ ತಪ್ಪಿತ್ತು, ಪೂರ್ಣವಿರಾಮ ಒಂದೂ ಇರಲಿಲ್ಲ. ಕೆಳಗಿನ ಕಮೆಂಟು ಓದಿ ನನಗೆ ಮೈಯೆಲ್ಲ ಉರಿಯಿತು. "ಸಿಂಪಥಿ ಗಿಟ್ಟಿಸೋ ಪೋಸ್ಟ್." "ಅಡಿಕೆಗೆ ಇಷ್ಟು ರೇಟಿದೆ, ಆದ್ರೂ ಅಳ್ತಾರೆ." "ನಾಟಕ ಸಾಕು ಮಾರಾಯ, ತೋಟ ಮಾರಿ ಬೆಂಗಳೂರಿಗೆ ಹೋಗು."

ಹೀಗೆ ಬರೆದವರಲ್ಲಿ ಒಬ್ಬರು ಅದೇ ವಾರ ಇನ್ನೊಂದು ಫೋಟೋ ಹಂಚಿಕೊಂಡಿದ್ದರು. ಪುಟ್ಟ ಹುಡುಗ ತನಗಿಂತ ಪುಟ್ಟ ತಂಗಿಯನ್ನು ತಬ್ಬಿಕೊಂಡು ಕೂತಿರುವ ಚಿತ್ರ, ಮೇಲೆ "ನೇಪಾಳ ಭೂಕಂಪದ ಅನಾಥ ಮಕ್ಕಳು, ಕಲ್ಲು ಹೃದಯದವರು ಮಾತ್ರ ಶೇರ್ ಮಾಡದೆ ಹೋಗ್ತಾರೆ" ಅಂತ. ಆ ಚಿತ್ರವನ್ನು ವಿಯೆಟ್ನಾಂನ ಛಾಯಾಗ್ರಾಹಕ ನಾ ಸೊನ್ ನುಯೆನ್ 2007ರಲ್ಲಿ ತಮ್ಮದೇ ದೇಶದ ಹಾ ಜಾಂಗ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ತೆಗೆದದ್ದು. ಅಪ್ಪ ಅಮ್ಮ ಹೊಲದ ಕೆಲಸಕ್ಕೆ ಹೋಗಿದ್ದರು, ಹೊರಗಿನವರನ್ನು ಕಂಡು ಹುಡುಗಿ ಅತ್ತಳು, ಅಣ್ಣ ತಬ್ಬಿಕೊಂಡ. ಅಷ್ಟೇ ಕಥೆ. 2015ರ ಭೂಕಂಪವಾದಾಗ ಅದು ನೇಪಾಳದ ಚಿತ್ರವಾಯಿತು, ಬೇರೆ ಬೇರೆ ಕಡೆ ಬೇರೆ ಬೇರೆ ದೇಶದ ಅನಾಥರ ಚಿತ್ರವೂ ಆಯಿತು. ಛಾಯಾಗ್ರಾಹಕರೇ ಮುಂದೆ ಬಂದು ಇದು ನನ್ನದು, ನೇಪಾಳದ್ದಲ್ಲ ಅಂದರೂ ನಿಂತಿಲ್ಲ. ಗೂಗಲ್ ಲೆನ್ಸಿಗೆ ಹಾಕಿದರೆ ಒಂದು ನಿಮಿಷದಲ್ಲಿ ಗೊತ್ತಾಗುವ ಸಂಗತಿ ಇದು.

ನನ್ನ ಸಿಟ್ಟು ಇಲ್ಲೇ ಇರುವುದು. ಚೆನ್ನಾಗಿ ಹೆಣೆದ ಸುಳ್ಳಿಗೆ ನಾವು ಅಳುತ್ತೇವೆ. ಪಕ್ಕದ ತಾಲೂಕಿನ ಮನುಷ್ಯ ತಡವರಿಸಿಕೊಂಡು ಬರೆದರೆ ಅವನಿಗೆ ಪರೀಕ್ಷೆ ಇಡುತ್ತೇವೆ.

ಅವರ ಪೋಸ್ಟನ್ನು ಸರಿಯಾಗಿ ಓದಿದ್ದರೆ ಪರೀಕ್ಷೆಯ ಅಗತ್ಯವೇ ಇರಲಿಲ್ಲ. ಮೊದಲ ಸಲ ಕೊಳೆಗೆ ಬೋರ್ಡೋ ದ್ರಾವಣ ಹೊಡೆಸಿದ್ದಾರೆ. ಎರಡನೇ ಸಲಕ್ಕೆ ಅದಕ್ಕೆ ಬೇಕಾದ ಮೈಲುತುತ್ತ, ಸುಣ್ಣ ತಂದಿಟ್ಟುಕೊಂಡು ಕಾದಿದ್ದಾರೆ. ಮಳೆ ಬಿಡುವು ಕೊಟ್ಟ ದಿನ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬೇರೆ ತೋಟಕ್ಕೆ ಮಾತು ಕೊಟ್ಟಾಗಿತ್ತು, ಅವನು ಬಂದ ದಿನ ಮಳೆ. ತಂದ ಸುಣ್ಣ ಕೊಟ್ಟಿಗೆಯಲ್ಲಿ ಹಾಗೇ ಇದೆ ಅಂತ ಬರೆದಿದ್ದಾರೆ. ಕಣ್ಣೀರು ತರಿಸಬೇಕು ಅಂತ ಕೂತು ಬರೆಯುವವನಿಗೆ ಕೊಟ್ಟಿಗೆಯ ಸುಣ್ಣ ಯಾಕೆ ಬೇಕು? ಅವನು "ಒಬ್ಬ ಬಡ ರೈತ" ಅಂತ ಶುರುಮಾಡುತ್ತಾನೆ. ಆ ರೈತನಿಗೆ ಊರಿರುವುದಿಲ್ಲ, ಬೆಳೆಗೆ ಹೆಸರಿರುವುದಿಲ್ಲ, ರೋಗಕ್ಕೂ ಇರುವುದಿಲ್ಲ. ಬೀದರಿನವರೂ ಅಳಬೇಕು, ಮಂಗಳೂರಿನವರೂ ಅಳಬೇಕಲ್ಲ.

ಈಗ ಎಐ ಇದೆ, ಕೊನೆಗೌಡನನ್ನೂ ಸುಣ್ಣವನ್ನೂ ಅದೇ ಸೇರಿಸಿ ಬರೆದುಕೊಡುತ್ತದೆ ಅನ್ನುತ್ತೀರಿ. ಬರೆಯಲಿ. ವಿವರ ಇದ್ದಲ್ಲಿ ವಿಚಾರಿಸುವುದಕ್ಕೆ ದಾರಿ ಇರುತ್ತದೆ. ನಮ್ಮ ಮಲೆನಾಡಿನಲ್ಲಿ ಯಾವ ಊರು ಅಂತ ಕೇಳಿ ಎರಡು ಮಾತಾಡುವಷ್ಟರಲ್ಲಿ ನಂಟಸ್ತಿಕೆ ಹೊರಬೀಳುತ್ತದೆ. ನಾನು ಫೋನ್ ಮಾಡಿದೆ. ನಮ್ಮ ಚಿಕ್ಕಮ್ಮನ ಮನೆಯವರಿಗೆ ಅವರು ಗೊತ್ತು, ತೋಟವನ್ನೂ ನೋಡಿದ್ದಾರೆ. ಒಂದು ಫೋನಿಗೆ ಹಿಡಿಯುವ ಹೊತ್ತಲ್ಲಿ ಮೂರು ಕಮೆಂಟು ಬರೆಯಬಹುದು ನಿಜ, ಆದರೆ ಅದರಿಂದ ಯಾರಿಗೆ ಏನು ಸಿಕ್ಕಿತು?

ನಾವು ಬರೆಯುವ ಈ ಫೇಸ್‌ಬುಕ್ಕೂ ನಮ್ಮ ಭಾವನೆಯನ್ನು ಸುಮ್ಮನೆ ಬಿಟ್ಟಿಲ್ಲ. 2012ರ ಜನವರಿಯಲ್ಲಿ ಒಂದು ವಾರ ಫೇಸ್‌ಬುಕ್ 6,89,003 ಜನರ ಫೀಡನ್ನು ಅವರಿಗೇ ಹೇಳದೆ ಬದಲಾಯಿಸಿ, ಬೇಸರದ ಪೋಸ್ಟ್ ಕಂಡವರು ಬೇಸರದ್ದನ್ನೇ ಬರೆಯುತ್ತಾರಾ ಅಂತ ನೋಡಿತ್ತು. 2014ರಲ್ಲಿ ಆ ಅಧ್ಯಯನ ಪ್ರಕಟವಾದಾಗಲೇ ಜನಕ್ಕೆ ಗೊತ್ತಾಗಿದ್ದು. ಪರಿಣಾಮ ಬಹಳ ಸಣ್ಣದು, ಆದರೆ ಇತ್ತು. "ಲೈಕ್ ಮಾಡಿ, ಶೇರ್ ಮಾಡಿ" ಅಂತ ಗೋಗರೆಯುವ ಪೋಸ್ಟುಗಳನ್ನು ಕೆಳಗಿಡುತ್ತೇವೆ ಅಂತ 2017ರ ಡಿಸೆಂಬರಿನಲ್ಲಿ ಇದೇ ಕಂಪನಿ ಹೇಳಿತ್ತು. ಕಲ್ಲು ಹೃದಯದ ಶಾಪ ಇನ್ನೂ ನಮ್ಮ ಫೀಡಿಗೆ ಬರುತ್ತಲೇ ಇದೆ. ಅನುಮಾನ ಪಡಬೇಕಾದದ್ದು ಅಲ್ಲಿ. ಓದುವವರ ಮೇಲೆ ಶಾಪ ಹಾಕಿ ಏನನ್ನೋ ಮಾಡಿಸಿಕೊಳ್ಳಲು ನೋಡುವ ಪೋಸ್ಟಿನ ಮೇಲೆ. ಹೊಸನಗರದವರು ಯಾರಿಂದಲೂ ಏನನ್ನೂ ಕೇಳಿರಲಿಲ್ಲ.

ಇಂಥ ಪೋಸ್ಟ್ ನಂಬಿ ದುಡ್ಡು ಕಳೆದುಕೊಂಡವರು ಎಷ್ಟು ಜನ ಇಲ್ಲ ಅಂತ ವಾದಿಸುವವರಿದ್ದಾರೆ. ಇದ್ದಾರೆ, ಒಪ್ಪುತ್ತೇನೆ. ಆದರೆ ದುಡ್ಡಿನ ವಿಷಯದಲ್ಲಿ ಕಣ್ಣೀರು ನಿಜವೋ ಸುಳ್ಳೋ ಅಂತ ಅಳೆಯುವುದೇ ದಂಡ. ನಿಜವಾದ ಮಗುವಿನ ಫೋಟೋಗೆ ಬೇರೆಯವರ ಕ್ಯೂಆರ್ ಕೋಡ್ ಅಂಟಿಸಿ ಹರಿಬಿಡುತ್ತಾರೆ, ಅಲ್ಲಿ ನೋವೂ ನಿಜ, ಮೋಸವೂ ನಿಜ. ಸ್ಕ್ಯಾನ್ ಮಾಡಿದಾಗ ಬರುವ ಹೆಸರು ನೋಡಿ. ಆಸ್ಪತ್ರೆಯ ನಂಬರನ್ನು ನೀವೇ ಹುಡುಕಿ ವಿಚಾರಿಸಿ. ಸಾಧ್ಯವಾದರೆ ಆಸ್ಪತ್ರೆಯ ಬಿಲ್ಲಿಗೇ ನೇರ ಕಟ್ಟಿ. ಇದನ್ನೆಲ್ಲ ಮಾಡುವುದಕ್ಕೆ ಯಾರನ್ನೂ ನಾಟಕದವರು ಅನ್ನಬೇಕಾಗಿಲ್ಲ.

ಅಪ್ಪ ತೀರಿಕೊಂಡ ರಾತ್ರಿ ನಾನೂ ಇಲ್ಲೇ ಬರೆದಿದ್ದೆ, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅಪ್ಪನ ಬಗ್ಗೆ ಒಂದು ಒಳ್ಳೆಯ ಮಾತೂ ಅದರಲ್ಲಿರಲಿಲ್ಲ. ಅವರ ಕನ್ನಡಕದ ಡಬ್ಬಿ ಸಿಗುತ್ತಿಲ್ಲ, ಎಲ್ಲಿಟ್ಟಿದ್ದಾರೋ ಅಂತ ಬರೆದಿದ್ದೆ. ಮನೆಯಲ್ಲಿ ಎಲ್ಲರೂ ಸುಸ್ತಾಗಿ ಮಲಗಿದ್ದರು, ಯಾರಿಗಾದರೂ ಹೇಳಬೇಕಿತ್ತು. ಸಾವನ್ನೂ ಫೇಸ್‌ಬುಕ್ಕಿಗೆ ಹಾಕ್ತಾರಲ್ಲ ಅಂತ ಆಮೇಲೆ ಯಾರೋ ಅಂದರಂತೆ. ಅವರು ಯಾರು ಅಂತ ತಿಳಿದುಕೊಳ್ಳುವ ಆಸೆ ನನಗೆ ಇವತ್ತಿಗೂ ಇಲ್ಲ. ಆದರೆ ಆ ಹೊತ್ತಿಗೆ ಎಚ್ಚರವಿದ್ದು "ದೇವರ ಕೋಣೆಯ ಗೂಡಲ್ಲಿ ನೋಡು ತಂಗಿ" ಅಂತ ಬರೆದ ಸಾಗರದ ಅಕ್ಕನನ್ನು ನಾನು ಇನ್ನೂ ಭೇಟಿಯಾಗಿಲ್ಲ, ಮರೆತೂ ಇಲ್ಲ.

ನನ್ನ ಲಿಸ್ಟಿನಲ್ಲಿರುವವರಿಗೆ ಒಂದು ಮಾತು. ಅನುಮಾನ ಬಂದರೆ ಬರೆದವರಿಗೇ ಮೆಸೆಂಜರಿನಲ್ಲಿ ಮರ್ಯಾದೆಯಿಂದ ಕೇಳಿ. ಕೇಳುವಷ್ಟು ವ್ಯವಧಾನ ಇಲ್ಲದಿದ್ದರೆ ಮುಂದಕ್ಕೆ ಸ್ಕ್ರೋಲ್ ಮಾಡಿ. ಇನ್ನು ಮುಂದೆ ಯಾರದೇ ನೋವಿನ ಕೆಳಗೆ ನಿಮ್ಮ ಅಂಥ ಕಮೆಂಟು ಕಂಡರೆ, ಎಷ್ಟು ಹಳೆಯ ಸ್ನೇಹವಾಗಿದ್ದರೂ ಅನ್‌ಫ್ರೆಂಡ್ ಮಾಡುತ್ತೇನೆ. ಇಬ್ಬರನ್ನು ಈಗಾಗಲೇ ಮಾಡಿದ್ದೇನೆ.