ರೂಸ್‌ವೆಲ್ಟ್ ರೇಡಿಯೋ ಭಾಷಣಕ್ಕಿಂತ ಮುಂಚಿನ ಒಂದು ವಾರ

1933ರ ಅಮೆರಿಕದ ಬ್ಯಾಂಕ್ ಬಿಕ್ಕಟ್ಟಿನ ಮಾತು ಬಂದಾಗಲೆಲ್ಲ ಒಂದೇ ಕಥೆ. ಹೊಸ ಅಧ್ಯಕ್ಷ ರೂಸ್‌ವೆಲ್ಟ್ ರೇಡಿಯೋದಲ್ಲಿ ಮಾತಾಡಿದ, ಜನ ಧೈರ್ಯ ತಂದುಕೊಂಡು ದುಡ್ಡು ವಾಪಸ್ ಬ್ಯಾಂಕಿಗೆ ಹಾಕಿದರು. ಮಾತಾಡಿದ್ದೂ ನಿಜ, ದುಡ್ಡು ಬಂದದ್ದೂ ನಿಜ. ಆದರೆ ನನ್ನ ಪ್ರಕಾರ ಕೆಲಸ ಮಾಡಿದ್ದು ಭಾಷಣವಲ್ಲ, ಅದರ ಹಿಂದಿದ್ದ ಕಾಗದಪತ್ರ.

ಮಾರ್ಚ್ 4ರ ಶನಿವಾರ ಆತ ಪ್ರಮಾಣವಚನ ತೆಗೆದುಕೊಳ್ಳುವ ಹೊತ್ತಿಗೆ ಬಹುತೇಕ ರಾಜ್ಯಗಳಲ್ಲಿ ಬ್ಯಾಂಕುಗಳು ಬಾಗಿಲು ಹಾಕಿದ್ದವು, ಇಲ್ಲವೇ ಹಣ ತೆಗೆಯಲು ಮಿತಿ ಇತ್ತು. ಭೀತಿ ದೇಶದ ತುಂಬ ಹರಡಿದ್ದು ಮಿಷಿಗನ್ ರಾಜ್ಯದಿಂದ. ಫೆಬ್ರವರಿ 14ರಂದು ಅಲ್ಲಿನ ಗವರ್ನರ್ ಬ್ಯಾಂಕ್ ರಜೆ ಸಾರಿದ, ಅಂದರೆ ಬ್ಯಾಂಕುಗಳನ್ನು ಆದೇಶ ಹೊರಡಿಸಿ ಮುಚ್ಚಿಸಿದ. ಅಲ್ಲಿನ ಡೆಟ್ರಾಯಿಟ್‌ನಲ್ಲಿ ದುಡ್ಡು ಸಿಕ್ಕಿಹಾಕಿಕೊಂಡವರು ಬೇರೆ ಊರಿನ ಖಾತೆಗಳನ್ನು ಬರಿದು ಮಾಡತೊಡಗಿದರು. ಗಟ್ಟಿ ಬ್ಯಾಂಕಿನ ದುಡ್ಡೂ ಸಾಲ, ಬಾಂಡುಗಳಲ್ಲೇ ಇರುತ್ತದೆ. ಎಲ್ಲರೂ ಒಟ್ಟಿಗೆ ಕೇಳಿದರೆ ಬಾಂಡನ್ನು ಸಿಕ್ಕಿದ ಬೆಲೆಗೆ ಮಾರಬೇಕು. ಬೆಲೆ ಬಿದ್ದಾಗ ಪಕ್ಕದ ಬ್ಯಾಂಕಿನ ಲೆಕ್ಕವೂ ಕೆಡುತ್ತದೆ.

ರೂಸ್‌ವೆಲ್ಟ್ ಇಲ್ಲಿ ಅಮಾಯಕನೇನಲ್ಲ. ಫೆಬ್ರವರಿ 18ರಂದು, ಆಗಿನ್ನೂ ಅಧ್ಯಕ್ಷನಾಗಿದ್ದ ಹೂವರ್ ಪತ್ರ ಬರೆದು ಜನರಿಗೆ ಭರವಸೆ ಕೊಡು ಎಂದು ಕೇಳಿದಾಗ ಹತ್ತು ದಿನ ಉತ್ತರವೇ ಹೋಗಲಿಲ್ಲ. ಹೂವರ್ ಹಾಕಿದ್ದ ಷರತ್ತುಗಳು ಹೊಸ ಸರ್ಕಾರದ ಕೈ ಕಟ್ಟಿಹಾಕುವಂಥವು, ಅದೂ ಸರಿ. ಆದರೂ ಆ ಮೌನದ ದಂಡ ಕಟ್ಟಿದ್ದು ಠೇವಣಿದಾರರು.

ಮಾರ್ಚ್ 6ರಂದು ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ. ಆಧಾರ 1917ರ, ಶತ್ರುದೇಶಗಳ ಜೊತೆಗಿನ ವ್ಯಾಪಾರ ತಡೆಯುವ ಯುದ್ಧಕಾಲದ ಕಾಯ್ದೆ. ಆಧಾರ ತೆಳುವಾಗಿದ್ದದ್ದರಿಂದ, ಮಾರ್ಚ್ 9ರ ತುರ್ತು ಬ್ಯಾಂಕಿಂಗ್ ಕಾಯ್ದೆಯ ಮೊದಲ ಭಾಗದಲ್ಲೇ ‘ಈವರೆಗೆ ಮಾಡಿದ್ದೆಲ್ಲ ಸಿಂಧು’ ಎಂದು ಬರೆಸಿಕೊಂಡರು. ಕೆಳಮನೆಯಲ್ಲಿ ಚರ್ಚೆ ನಡೆದದ್ದು 40 ನಿಮಿಷ. ಹೆಚ್ಚಿನ ಸದಸ್ಯರ ಕೈಯಲ್ಲಿ ಮಸೂದೆಯ ಪ್ರತಿಯೂ ಇರಲಿಲ್ಲ. ಕರಡು ತಯಾರಿಸಿದವರಲ್ಲಿ ಹಲವರು ಹೂವರ್ ಕಾಲದ ಖಜಾನೆ ಅಧಿಕಾರಿಗಳು!

ಆ ಕಾಯ್ದೆಯ ಜೀವ ಇರುವುದು ನೋಟಿನ ಭಾಗದಲ್ಲಿ. ಬ್ಯಾಂಕು ಸರ್ಕಾರಿ ಬಾಂಡ್ ತಂದರೆ ಪೂರ್ತಿ ಮೌಲ್ಯಕ್ಕೆ, ಬೇರೆ ಹುಂಡಿ, ಸಾಲಪತ್ರ ತಂದರೆ ಶೇ. 90ಕ್ಕೆ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಹೊಸ ನೋಟು ಕೊಡಬಹುದು, ಚಿನ್ನದ ಆಧಾರ ಬೇಕಿಲ್ಲ. ಅಂದರೆ ಬಾಂಡನ್ನು ನಷ್ಟಕ್ಕೆ ಮಾರುವ ಗತಿಯೇ ತಪ್ಪಿತು. ಹೊಸ ಅಚ್ಚು ಕೆತ್ತಲು ಸಮಯವಿರಲಿಲ್ಲ. 1929ರ ಸರಣಿಯ ನ್ಯಾಷನಲ್ ಬ್ಯಾಂಕ್ ನೋಟಿನ ಅಚ್ಚನ್ನೇ ಬಳಸಿ, ಬ್ಯಾಂಕಿನ ಮುಖ್ಯಸ್ಥನ ‘ಪ್ರೆಸಿಡೆಂಟ್’ ಎಂಬ ಪದದ ಮೇಲೆ ಕಪ್ಪು ಪಟ್ಟಿ ಹೊಡೆದು, ಫೆಡರಲ್ ರಿಸರ್ವ್ ಬ್ಯಾಂಕಿನ ಮುಖ್ಯಸ್ಥನ ‘ಗವರ್ನರ್’ ಎಂದು ಮುದ್ರಿಸಿದರು. ಸಂಗ್ರಾಹಕರ ಬಳಿ ಇವತ್ತಿಗೂ ಆ ನೋಟು ನೋಡಲು ಸಿಗುತ್ತದೆ.

ಜೊತೆಗೆ ಬೆತ್ತವೂ ಇತ್ತು. ಬ್ಯಾಂಕಿನಿಂದ ಚಿನ್ನ ತೆಗೆದುಕೊಂಡು ಹೋಗಿ ವಾಪಸ್ ಕೊಡದವರ ಹೆಸರುಗಳ ಪಟ್ಟಿ ಮಾಡುತ್ತೇವೆಂದು ಮಾರ್ಚ್ 8ರಂದು ಫೆಡರಲ್ ರಿಸರ್ವ್ ಹೇಳಿದ್ದೇ ತಡ, ಕೊಡಲು ಸಾಲು ನಿಂತಿತು.

ಮಾರ್ಚ್ 12ರ ಭಾನುವಾರ ರಾತ್ರಿಯ ಭಾಷಣ ಇದೆಲ್ಲ ಆದ ಮೇಲಿನದು. ಬ್ಯಾಂಕುಗಳು ಹಂತಹಂತವಾಗಿ ತೆರೆದವು: 13ಕ್ಕೆ ಫೆಡರಲ್ ರಿಸರ್ವ್ ಬ್ಯಾಂಕ್ ಇರುವ 12 ನಗರಗಳಲ್ಲಿ, 14ಕ್ಕೆ ಕ್ಲಿಯರಿಂಗ್ ಹೌಸ್ (ಬ್ಯಾಂಕುಗಳು ಪರಸ್ಪರ ಚೆಕ್ಕು ತೀರಿಸಿಕೊಳ್ಳುವ ಕೇಂದ್ರ) ಇರುವ ಊರುಗಳಲ್ಲಿ, 15ಕ್ಕೆ ಉಳಿದೆಡೆ. ಮತ್ತೆ ತೆರೆಯಲು ಲೈಸೆನ್ಸ್ ಸಿಕ್ಕವು ಮಾತ್ರ ತೆರೆದವು. ಕೆಲವಕ್ಕೆ ಆಡಳಿತಾಧಿಕಾರಿ ಬಂದು ಕೂತ. ಸಾವಿರಾರು ಬ್ಯಾಂಕುಗಳು ಆ ವಾರ ತೆರೆಯಲೇ ಇಲ್ಲ. ಇದನ್ನು ಹೊಗಳುಭಟರು ಬಿಟ್ಟುಬಿಡುತ್ತಾರೆ.

ಲೈಸೆನ್ಸ್ ಕೊಟ್ಟದ್ದು ಬರೀ ಲೆಕ್ಕ ನೋಡಿ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಬ್ಯಾಂಕ್ ಆಫ್ ಅಮೆರಿಕಕ್ಕೆ 410 ಶಾಖೆ. ಅದನ್ನು ತೆರೆಯಬಾರದೆಂದು ಸ್ಯಾನ್ ಫ್ರಾನ್ಸಿಸ್ಕೋ ಫೆಡರಲ್ ರಿಸರ್ವ್ ಬ್ಯಾಂಕಿನ ಗವರ್ನರ್ ಕ್ಯಾಲ್ಕಿನ್ಸ್ ಪಟ್ಟು ಹಿಡಿದ. ಖಜಾನೆ ಕಾರ್ಯದರ್ಶಿ ವುಡಿನ್ ಫೋನಿನಲ್ಲೇ, ಹಾಗಾದರೆ ಮುಚ್ಚಿಸುವ ಹೊಣೆ ನೀನೇ ಹೊರುತ್ತೀಯಾ ಎಂದು ಕೇಳಿದ. ಕ್ಯಾಲ್ಕಿನ್ಸ್ ಒಪ್ಪಲಿಲ್ಲ, ಬ್ಯಾಂಕು ತೆರೆಯಿತು.

ತಿಂಗಳ ಕೊನೆಗೆ, ಜನ ಮನೆಗೆ ಒಯ್ದಿದ್ದ ನಗದಿನ ಸುಮಾರು ಮೂರರಲ್ಲಿ ಎರಡು ಪಾಲು ವಾಪಸ್ ಬಂತು.

ಇನ್ನು ಠೇವಣಿ ವಿಮೆ, ಅಂದರೆ ಬ್ಯಾಂಕು ಮುಳುಗಿದರೂ ಠೇವಣಿದಾರನಿಗೆ ದುಡ್ಡು ಸಿಗುವ ಏರ್ಪಾಡು. ಅದನ್ನೂ ರೂಸ್‌ವೆಲ್ಟ್ ಲೆಕ್ಕಕ್ಕೇ ಬರೆಯುವುದು ರೂಢಿ. ಆತನಿಗೆ ಅದು ಬೇಡವಾಗಿತ್ತು, ಒಳ್ಳೆಯ ಬ್ಯಾಂಕು ಕೆಟ್ಟ ಬ್ಯಾಂಕಿನ ಸಾಲ ತೀರಿಸಬೇಕಾಗುತ್ತದೆ ಎಂಬ ವಾದ. ಹಟ ಹಿಡಿದದ್ದು ಕೆಳಮನೆಯ ಸದಸ್ಯ ಸ್ಟೀಗಲ್ ಮತ್ತು ಸೆನೆಟರ್ ವ್ಯಾಂಡೆನ್‌ಬರ್ಗ್. ಜೂನ್ 16ರಂದು ಆ ಮಸೂದೆಗೆ ರೂಸ್‌ವೆಲ್ಟ್ ಸಹಿ ಹಾಕಿದ. 1934ರ ಜನವರಿ 1ರಿಂದ ಠೇವಣಿದಾರರಿಗೆ ತಲಾ 2,500 ಡಾಲರ್‌ವರೆಗೆ ವಿಮೆ ಜಾರಿಗೆ ಬಂತು.